ಹಳೆಯದೊಂದು, ಹೊಸದೊಂದು: ದುಡಿಯುವವರು ನೋಡಬೇಕಾದ ಚಿತ್ರಗಳು

(ಪೀಣ್ಯದಲ್ಲಿ ಕಾರ್ಮಿಕರು ಮತ್ತು ಅಂಗಡಿಕಾರರು ಸೇರಿದ್ದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)

ಸಂಗಾತಿಗಳೇ, ತಾಯಂದಿರೇ, ಅಂಗಡಿ ಬಾಗಿಲು ಅರ್ಧ ಎಳೆದು ಬಂದಿರುವ ವ್ಯಾಪಾರಿ ಬಂಧುಗಳೇ,

ಈ ದಿನ ಸಿನಿಮಾ ವಿಷಯ ಮಾತನಾಡುತ್ತೇವೆಂದು ಹೇಳಿದಾಗ ನಿಮ್ಮಲ್ಲಿ ಕೆಲವರು ನಕ್ಕಿರಿ. "ಬೋನಸ್ಸು, ಗುತ್ತಿಗೆ ಎಲ್ಲ ಬಿಟ್ಟು ಮೇಷ್ಟ್ರು ಸಿನಿಮಾಕ್ಕೆ ಇಳಿದರಲ್ಲ!" ಎಂಬ ಮಾತೂ ಹಿಂದಿನ ಸಾಲಿನಿಂದ ಕೇಳಿಸಿತು. ಆ ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಉತ್ತರ ಹೇಳಿಯೇ ಮುಂದಕ್ಕೆ ಹೋಗುತ್ತೇವೆ.

ಕಳೆದ ವರ್ಷ ಮಳೆಗಾಲದಲ್ಲಿ ಇದೇ ಕೋಣೆಯಲ್ಲಿ, ಇದೇ ಸುಣ್ಣದ ಗೋಡೆಯ ಮೇಲೆ 'ತಬರನ ಕಥೆ' ತೋರಿಸಿದೆವು. ಮೂವತ್ತು ಮಂದಿ ಇದ್ದರು. ಚಿತ್ರ ಮುಗಿದು ದೀಪ ಹಾಕಿದಾಗ ಯಾರೂ ಏಳಲಿಲ್ಲ. ಆಗ ಪ್ರೆಸ್ ಯಂತ್ರಕ್ಕೆ ಎರಡು ಬೆರಳು ಕೊಟ್ಟಿದ್ದ ಅಣ್ಣನೊಬ್ಬರು ಮೂಲೆಯಿಂದ ಎದ್ದು ನಿಂತರು. "ನನ್ನ ಪರಿಹಾರದ ಕಾಗದವೂ ಹನ್ನೊಂದು ತಿಂಗಳಿಂದ ಹೀಗೇ ಬಿದ್ದಿದೆ. ಹೇಳಿಕೊಳ್ಳಲು ನಾಚಿಕೆಯಾಗಿತ್ತು" ಎಂದರು. ಹನ್ನೊಂದು ತಿಂಗಳು ನಮ್ಮ ಜತೆಯಲ್ಲೇ ಟೀ ಕುಡಿದವರು ಅವರು! ನಾವು ಹಂಚಿದ ಒಂದು ಕರಪತ್ರವೂ ಅವರ ಬಾಯಿ ಬಿಡಿಸಿರಲಿಲ್ಲ. ಮಾರನೆಯ ವಾರ ನಾಲ್ವರು ಅವರ ಜತೆ ಕಚೇರಿಗೆ ಹೋದರು. ಹಣ ಇನ್ನೂ ಪೂರ್ತಿ ಕೈಸೇರಿಲ್ಲ. ಆದರೆ ಕಡತ ಕದಲಿದೆ, ಆ ಅಣ್ಣ ಈಗ ಒಬ್ಬಂಟಿಯಲ್ಲ. ಸಿನಿಮಾ ಏತಕ್ಕೆ ಎಂದು ಕೇಳಿದವರಿಗೆ ನಮ್ಮ ಉತ್ತರ ಇಷ್ಟೇ.

ಇನ್ನೊಂದು ಋಣದ ಮಾತೂ ಇದೆ. 1970ರ 'ಸಂಸ್ಕಾರ' ಚಿತ್ರವನ್ನು ತೆಗೆದ ಪಟ್ಟಾಭಿರಾಮ ರೆಡ್ಡಿಯವರೂ ಅದರಲ್ಲಿ ಚಂದ್ರಿಯ ಪಾತ್ರ ವಹಿಸಿದ ಅವರ ಪತ್ನಿ ಸ್ನೇಹಲತಾ ರೆಡ್ಡಿಯವರೂ ಲೋಹಿಯಾ ಬಳಗದವರು. ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿದ ಆ ಚಿತ್ರವನ್ನು ಮೊದಲು ಸೆನ್ಸಾರಿನವರು ತಡೆದರು. ಬಿಡುಗಡೆಯಾದ ಮೇಲೆ ಅದೇ ಚಿತ್ರ ರಾಷ್ಟ್ರದ ಅತ್ಯುತ್ತಮ ಚಿತ್ರವೆನಿಸಿತು. ತುರ್ತು ಪರಿಸ್ಥಿತಿಯಲ್ಲಿ, 1976ರಲ್ಲಿ, ಸ್ನೇಹಲತಾ ಅವರನ್ನು ಬಂಧಿಸಿ ಬೆಂಗಳೂರಿನ ಸೆರೆಮನೆಗೆ ಹಾಕಿದರು. ಉಬ್ಬಸದ ರೋಗಿಯಾಗಿದ್ದ ಅವರು ಅಲ್ಲಿ ಜರ್ಝರಿತರಾಗಿ, 1977ರ ಜನವರಿಯಲ್ಲಿ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅಂಥವರು ಬಿಟ್ಟುಹೋದ ಚಿತ್ರವನ್ನು ನೋಡದೆ ಇರುವುದು ನಮ್ಮಂಥವರಿಗೆ ಶೋಭೆಯಲ್ಲ.

ಈಗ ನಮ್ಮ ಸ್ಥಿತಿ ನೋಡೋಣ. 2023ರಲ್ಲಿ ನಮ್ಮ ರಾಜ್ಯವು ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ದಿನಕ್ಕೆ 12 ಗಂಟೆಯವರೆಗೆ ದುಡಿಸುವುದಕ್ಕೆ ದಾರಿ ಮಾಡಿತು. ಟಿಕೆಟ್ ದರ 200 ರೂಪಾಯಿ ಮೀರಬಾರದೆಂದು 2025ರ ಸೆಪ್ಟೆಂಬರಿನಲ್ಲಿ ಸರಕಾರ ನಿಯಮ ಮಾಡಿತು. ಅದೇ ತಿಂಗಳು ಹೈಕೋರ್ಟಿನಿಂದ ತಡೆ ಬಂತು. 200 ರೂಪಾಯಿಯೇ ಆದರೂ, ಗಂಡ ಹೆಂಡತಿ ಇಬ್ಬರು ಮಕ್ಕಳು ಹೋದರೆ 800 ರೂಪಾಯಿ. ಬಸ್ಸು, ತಿಂಡಿ ಬೇರೆ. ಹಿಂದೆ ಗಾಂಧಿನಗರದಲ್ಲಿ ಗಾಂಧಿ ಕ್ಲಾಸಿನ ಬೆಂಚಿತ್ತು. ಆ ಸಾಲಿನ ದೊಡ್ಡ ಚಿತ್ರಮಂದಿರ ಕಪಾಲಿಯೂ 2017ರಲ್ಲಿ ಮುಚ್ಚಿತು. ಉಳಿದದ್ದು ಕೈಯಲ್ಲಿರುವ ಫೋನು. ಪಾಳಿ ಮುಗಿಸಿ ಬಂದು ಬಾಡಿಗೆ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿ, ಒಬ್ಬೊಬ್ಬರೇ ತುಣುಕು ತುಣುಕು ನೋಡುತ್ತೇವೆ. ನಗುವುದೂ ಒಬ್ಬರೇ, ಅಳುವುದೂ ಒಬ್ಬರೇ. ಯಜಮಾನರಿಗೆ ಇದರಿಂದ ಏನೂ ತೊಂದರೆಯಿಲ್ಲ.

ಆದುದರಿಂದ ನಾವು ಒಂದು ಕ್ರಮ ಸೂಚಿಸುತ್ತೇವೆ. ಚಿತ್ರಗಳನ್ನು ಜೋಡಿಯಾಗಿ ನೋಡೋಣ: ಹಳೆಯದೊಂದು, ಹೊಸದೊಂದು, ಎರಡಕ್ಕೂ ವಿಷಯ ಒಂದೇ. ಹಳೆಯದನ್ನು ನೋಡಿದಾಗ ನಮ್ಮ ಕಷ್ಟ ನಮ್ಮ ಹಣೆಬರಹವಲ್ಲ, ಅದಕ್ಕೂ ಒಂದು ಚರಿತ್ರೆಯಿದೆ ಎಂದು ತಿಳಿಯುತ್ತದೆ. ಹೊಸದನ್ನು ನೋಡಿದಾಗ ಅದೇ ಕಷ್ಟ ಅಂಗಿ ಬದಲಾಯಿಸಿಕೊಂಡು ಬಂದಿರುವುದು ಗುರುತು ಸಿಗುತ್ತದೆ. ಇಂಥ ಐದು ಜೋಡಿ ಹೇಳುತ್ತೇವೆ.

ಮೊದಲನೆಯದು ಕಚೇರಿಯ ಬಾಗಿಲು. ಹಳೆಯದು 1986ರ 'ತಬರನ ಕಥೆ'. ಪೂರ್ಣಚಂದ್ರ ತೇಜಸ್ವಿಯವರ ಕಥೆ, ಗಿರೀಶ ಕಾಸರವಳ್ಳಿಯವರ ನಿರ್ದೇಶನ. ತಬರನಾಗಿ ನಟಿಸಿದ ಚಾರುಹಾಸನ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಪುರಸಭೆಯಲ್ಲಿ ದುಡಿದು ನಿವೃತ್ತನಾದ ಬಡವ, ಹೆಂಡತಿಯ ಕೊಳೆತ ಕಾಲಿನ ಚಿಕಿತ್ಸೆಗಾಗಿ ತನ್ನದೇ ಪಿಂಚಣಿ ಕೇಳಿ ಅಲೆಯುತ್ತಾನೆ. ಹಣ ಬರುವ ವೇಳೆಗೆ ಹೆಂಡತಿಯಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಗೆ ಇದಕ್ಕಿಂತ ಟೀಕೆ ಬೇಡ. ಹೊಸದು ಮಂಸೋರೆ ನಿರ್ದೇಶಿಸಿದ 'ಆಕ್ಟ್ 1978'. ಕೋವಿಡ್ ಬೀಗ ತೆಗೆದ ಮೇಲೆ, 2020ರ ನವೆಂಬರಿನಲ್ಲಿ, ತೆರೆಗೆ ಬಂದುದು. ಅಲ್ಲಿ ಅಲೆದು ಅಲೆದು ಸಾಕಾದ ಗರ್ಭಿಣಿಯೊಬ್ಬಳು ಸರಕಾರಿ ಕಚೇರಿಯನ್ನೇ ಒತ್ತೆ ಹಿಡಿಯುತ್ತಾಳೆ. ತಬರ ಬೇಡಿದ, ಈಕೆ ಬೆದರಿಸಿದಳು, ಇಬ್ಬರೂ ಒಂಟಿ. ಮೂರನೆಯ ದಾರಿ ಯಾವುದು? ನಾಲ್ವರು ಕೂಡಿ ಹೋಗುವುದು. ಅದನ್ನು ಚಿತ್ರ ಹೇಳಲಿಲ್ಲ, ಈ ಕೋಣೆ ಹೇಳಿತು.

ಎರಡನೆಯದು ಬಿಟ್ಟುಬಂದ ಹೊಲ. ತುಮಕೂರು, ಮಂಡ್ಯ, ಹಾಸನ, ಕೊಪ್ಪಳದ ಕಡೆಯವರು ಇಲ್ಲಿ ಅರ್ಧಕ್ಕೂ ಹೆಚ್ಚು ಇದ್ದೀರಿ. ಸಿದ್ಧಲಿಂಗಯ್ಯನವರ 'ಬಂಗಾರದ ಮನುಷ್ಯ' 1972ರಲ್ಲಿ ಬಂದು, ಬೆಂಗಳೂರಿನಲ್ಲಿ ವರ್ಷ ಕಳೆದರೂ ತೆರೆಯಿಂದ ಇಳಿಯಲಿಲ್ಲ. ಟಿ. ಕೆ. ರಾಮರಾಯರ ಕಾದಂಬರಿ, ರಾಜಕುಮಾರರ ಅಭಿನಯ. ಓದಿದ ಹುಡುಗ ಹಳ್ಳಿಯಲ್ಲೇ ನಿಂತು ಕಲ್ಲುನೆಲವನ್ನು ಹಸನು ಮಾಡುತ್ತಾನೆ. ನೋಡಿ ಆನಂದಿಸಿರಿ. ಆದರೆ ಒಂದು ಮಾತು ಕೇಳಿಕೊಳ್ಳಿರಿ: ಒಬ್ಬ ಒಳ್ಳೆಯ ಮನುಷ್ಯನ ಬೆವರಿನಿಂದಲೇ ಭೂಮಿಯ ಪ್ರಶ್ನೆ ಬಗೆಹರಿಯುವುದಾಗಿದ್ದರೆ, ಎರಡೇ ವರ್ಷಕ್ಕೆ, 1974ರಲ್ಲಿ, ಗೇಣಿದಾರನಿಗೆ ಹೊಲ ಕೊಡಿಸಲು ಕಾಯ್ದೆ ತಿದ್ದಬೇಕಾದುದು ಏಕೆ? ಇದಕ್ಕೆ ಜೋಡಿ 'ತಿಥಿ'. ಮಂಡ್ಯದ ಹಳ್ಳಿಯವರನ್ನೇ ನಟರನ್ನಾಗಿ ಮಾಡಿ ರಾಮ್ ರೆಡ್ಡಿ ತೆಗೆದ ಈ ಚಿತ್ರ 2015ರಲ್ಲಿ ಸ್ವಿಜರ್ಲೆಂಡಿನ ಲೊಕಾರ್ನೊದಲ್ಲಿ ಬಹುಮಾನ ಪಡೆದು, ಮರುವರ್ಷ ನಮ್ಮಲ್ಲಿ ತೆರೆಕಂಡಿತು. ನೂರು ದಾಟಿದ ಸೆಂಚುರಿ ಗೌಡ ಸಾಯುತ್ತಾನೆ. ಮೊಮ್ಮಗನಿಗೆ ಹೊಲ ಮಾರುವ ಆತುರ. ಅದಕ್ಕಾಗಿ ಬದುಕಿರುವ ಅಪ್ಪನ ಹೆಸರಿನಲ್ಲೇ ಮರಣಪತ್ರ ಮಾಡಿಸುತ್ತಾನೆ. ಹೊಟ್ಟೆ ಹುಣ್ಣಾಗುವಷ್ಟು ನಗುತ್ತೀರಿ. ಆಮೇಲೆ ನಿಮ್ಮ ಊರಿನ ಪಹಣಿ ಯಾರ ಹೆಸರಿನಲ್ಲಿದೆಯೆಂದು ನೆನಪಾಗಿ ನಗು ನಿಲ್ಲುತ್ತದೆ.

ಮೂರನೆಯದು ಎರಡು ವಾದ್ಯಗಳ ಕಥೆ. ಶಿವರಾಮ ಕಾರಂತರ 'ಚೋಮನ ದುಡಿ' ಕಾದಂಬರಿ ಬಂದುದು 1933ರಲ್ಲಿ. ಬಿ. ವಿ. ಕಾರಂತರು ಅದನ್ನು ಚಿತ್ರ ಮಾಡಿದ್ದು 1975ರಲ್ಲಿ. ಚೋಮನಿಗೆ ಎತ್ತಿನ ಜೋಡಿಯಿದೆ, ತೋಳಿನಲ್ಲಿ ಶಕ್ತಿಯಿದೆ, ಆಸೆಯಿದೆ. ಹೊಲೆಯನೆಂಬ ಒಂದೇ ಕಾರಣಕ್ಕೆ ಬೇಸಾಯಕ್ಕೆ ತುಂಡು ಭೂಮಿ ಸಿಗುವುದಿಲ್ಲ. ಮಕ್ಕಳು ಸಾಲ ತೀರಿಸಲು ಕಾಫಿ ತೋಟಕ್ಕೆ ಹೋಗುತ್ತಾರೆ. ಕೊನೆಗೆ ಅವನಿಗೆ ಉಳಿಯುವುದು ದುಡಿ ಮಾತ್ರ. ಚೋಮನಾದ ವಾಸುದೇವ ರಾಯರಿಗೂ ರಾಷ್ಟ್ರಪ್ರಶಸ್ತಿ ಬಂತು. ಜೀತವನ್ನು ನಿಷೇಧಿಸಿದ ಕಾಯ್ದೆಯ ವರ್ಷ 1976 ಎಂಬುದನ್ನೂ ಜತೆಗೆ ನೆನೆಯಿರಿ. ಇದರ ಪಕ್ಕದಲ್ಲಿಡಬೇಕಾದುದು ಸಾಗರ್ ಪುರಾಣಿಕರ 'ಡೊಳ್ಳು'. 2022ರಲ್ಲಿ ತೆರೆಗೆ ಬಂದುದು. ಡೊಳ್ಳು ಬಾರಿಸುತ್ತಿದ್ದ ಊರಿನ ಹುಡುಗರು ಹೊಟ್ಟೆಪಾಡಿಗೆ ಬೆಂಗಳೂರು ಸೇರುತ್ತಾರೆ; ಜಾತ್ರೆಗೆ ಅವರನ್ನು ವಾಪಸು ಕರೆಯಲು ಗೆಳೆಯನೊಬ್ಬ ಬರುತ್ತಾನೆ. ಜಾತ್ರೆಗೆಂದು ಎರಡು ದಿನ ರಜ ಕೇಳಿ ಬೈಸಿಕೊಂಡವರಿಗೆ ಈ ಚಿತ್ರದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ನಾಲ್ಕನೆಯದು ವ್ಯಾಪಾರಿ ಬಂಧುಗಳಿಗೆ ವಿಶೇಷವಾಗಿ. ಆರ್. ಕೆ. ನಾರಾಯಣರ ಕಾದಂಬರಿಯಿಂದ ನಾಗಾಭರಣರು 1983ರಲ್ಲಿ ಮಾಡಿದ 'ಬ್ಯಾಂಕರ್ ಮಾರ್ಗಯ್ಯ'. ಮಾರ್ಗಯ್ಯ ನಮ್ಮ ಲೋಕೇಶ್. ಸಹಕಾರಿ ಬ್ಯಾಂಕಿನ ಎದುರು ಮರದ ಕೆಳಗೆ ಪೆಟ್ಟಿಗೆ ಇಟ್ಟುಕೊಂಡು ರೈತರಿಗೆ ಸಾಲದ ಅರ್ಜಿ ತುಂಬಿಕೊಡುವವನು, ಕಡೆಗೆ ತಾನೇ ಜನರ ಹಣ ಸೇರಿಸಿ ಭಾರಿ ಬಡ್ಡಿ ಕೊಡತೊಡಗುತ್ತಾನೆ. ಇವರ ಹಣದಿಂದ ಅವರಿಗೆ ಬಡ್ಡಿ! ಒಂದು ದಿನ ಎಲ್ಲರೂ ಒಟ್ಟಿಗೆ ಬಂದು ಅಸಲು ಕೇಳಿದರೆ ಪೆಟ್ಟಿಗೆ ಖಾಲಿ. 2019ರಲ್ಲಿ ಶಿವಾಜಿನಗರದ ಐ.ಎಂ.ಎ. ಕುಸಿದಾಗ ಬಾಗಿಲ ಮುಂದೆ ನಿಂತ ಜನಸಾಗರವನ್ನು ಕಂಡವರಿಗೆ ಮಾರ್ಗಯ್ಯ ಹಳಬನಲ್ಲ. ಹೊಸದು ಜೈಶಂಕರ್ ಆರ್ಯರ್ ಅವರ 'ಶಿವಮ್ಮ'. 2022ರಲ್ಲಿ ಕೊರಿಯಾ ದೇಶದ ಬೂಸಾನಿನಲ್ಲಿ ಪ್ರಶಸ್ತಿ ಪಡೆದು 2024ರಲ್ಲಿ ಇಲ್ಲಿಗೆ ಬಂತು. ಕೊಪ್ಪಳದ ಕಡೆಯ ಹಳ್ಳಿಯಲ್ಲಿ ಶಾಲೆಯ ಬಿಸಿಯೂಟ ಬೇಯಿಸುವ ಹೆಂಗಸು, ಒಬ್ಬರಿಂದೊಬ್ಬರಿಗೆ ಸರಪಳಿ ಕಟ್ಟಿ ಶಕ್ತಿಪೇಯ ಮಾರುವ ವ್ಯಾಪಾರಕ್ಕೆ ಕೈಹಾಕುತ್ತಾಳೆ. ಆಕೆಯನ್ನು ದುರಾಸೆಯವಳೆಂದು ಬೈಯುವ ಮುಂಚೆ, ಬಿಸಿಯೂಟದವರ ಕೈಗೆ ತಿಂಗಳಿಗೆ ಬರುವುದೆಷ್ಟು ಎಂದು ಕೇಳಿರಿ. ಸಂಬಳ ಸಾಲದ ಕಡೆಯಲ್ಲೇ ಸರಪಳಿ ವ್ಯಾಪಾರ ಬೇರೂರುತ್ತದೆ.

ಐದನೆಯದು ಮನೆಯ ಒಳಗಿನ ದುಡಿಮೆ. ಇದನ್ನು ಗಂಡಸರು ಕಡ್ಡಾಯವಾಗಿ ನೋಡಬೇಕು. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲರ 1971ರ 'ಶರಪಂಜರ'. ಬಾಣಂತನದಲ್ಲಿ ಮನಸ್ಸು ಕೆಟ್ಟು, ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬಂದ ಹೆಣ್ಣನ್ನು ಗಂಡನೂ ನೆರೆಹೊರೆಯೂ ಹುಚ್ಚಿಯೆಂದೇ ನೋಡಿ ನೋಡಿ ಮತ್ತೆ ಆಸ್ಪತ್ರೆಗೇ ಅಟ್ಟುತ್ತಾರೆ. ಕಲ್ಪನಾ ಅವರ ಅಭಿನಯವನ್ನು ನಮ್ಮ ತಾಯಂದಿರು ಈಗಲೂ ಮರೆತಿಲ್ಲ. ಹೊಸದು ಪೃಥ್ವಿ ಕೊಣನೂರರ 'ಪಿಂಕಿ ಎಲ್ಲಿ?', 2020ರದು, ನಮ್ಮ ಬೆಂಗಳೂರಿನದೇ. ಕೆಲಸಕ್ಕೆ ಹೋಗುವ ದಂಪತಿಗಳ ಕೂಸನ್ನು, ನೋಡಿಕೊಳ್ಳಬೇಕಾದ ಕೆಲಸದಾಕೆ ಭಿಕ್ಷೆಯವಳ ಕೈಗೆ ಕೊಡುತ್ತಾಳೆ, ಕೂಸು ಕಾಣೆಯಾಗುತ್ತದೆ. ತಪ್ಪು ತಾಯಿಯದೇ, ಕೆಲಸದಾಕೆಯದೇ ಎಂದು ನೀವು ಜಗಳವಾಡುತ್ತೀರಿ. ಜಗಳವಾಡಿರಿ. ಆದರೆ ಕಾರ್ಖಾನೆಗೆ ಹೋಗುವಾಗ ನಮ್ಮ ಅಕ್ಕತಂಗಿಯರು ಮಗುವನ್ನು ಯಾರ ಬಳಿ ಬಿಟ್ಟು ಬರುತ್ತಾರೆ, ಶಿಶುಪಾಲನಾ ಕೋಣೆ ಗೋಡೆಯ ಫಲಕದಲ್ಲಿ ಮಾತ್ರ ಇದೆಯೋ ನಿಜವಾಗಿಯೂ ಇದೆಯೋ ಎಂದು ಕೇಳದೆ ಜಗಳ ಮುಗಿಸಬೇಡಿರಿ.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಕಡೆ ಮೋಟಾರುಬೈಕಿನಲ್ಲಿ ಊಟ ಸಾಗಿಸುವ ತಮ್ಮಂದಿರೂ ಇಲ್ಲಿ ಕುಳಿತಿದ್ದಾರೆ. ಅವರಿಗಾಗಿ ಹೊರನಾಡಿನದೊಂದು: ಇಟಲಿಯ ಡಿ ಸಿಕಾ 1948ರಲ್ಲಿ ಮಾಡಿದ 'ಬೈಸಿಕಲ್ ಥೀವ್ಸ್'. ಸೈಕಲ್ಲಿದ್ದರೆ ಕೆಲಸ, ಸೈಕಲ್ಲು ಕಳವಾದರೆ ಕೆಲಸವಿಲ್ಲ. ಅಪ್ಪ, ಪುಟ್ಟ ಮಗ, ರೋಮ್ ನಗರದ ಬೀದಿಗಳು, ಅಷ್ಟೇ ಕಥೆ. ಬಂಗಾಳದ ಸತ್ಯಜಿತ್ ರೇ ಅವರು 1950ರಲ್ಲಿ ಲಂಡನ್ನಿನಲ್ಲಿ ಇದನ್ನು ನೋಡಿ, ತಾವೂ ಹೀಗೆಯೇ ಚಿತ್ರ ಮಾಡಬೇಕೆಂದು ಹೊರಟರು. ಭಾಷೆ ತಿಳಿಯದಿದ್ದರೂ ಚಿಂತೆಯಿಲ್ಲ. ಆ ಅಪ್ಪನ ಮುಖ ನಿಮಗೆ ತಿಳಿಯುತ್ತದೆ.

ಹಾಗೆಂದು ಹೊಡೆದಾಟದ, ಹಾಡುಕುಣಿತದ ಚಿತ್ರ ನೋಡಬೇಡಿರೆಂದು ನಾವು ಉಪದೇಶ ಮಾಡುವವರಲ್ಲ. ವಾರವಿಡೀ ಯಂತ್ರದ ಸದ್ದು ಕೇಳಿದವನಿಗೆ ಒಂದು ಒಳ್ಳೆಯ ಹಾಡು ಬೇಕು. ಶಾಲೆಯಲ್ಲಿದ್ದಾಗ ನಾವು ಒಂದು ಕಲಿತೆವು: ಪಾಠ ರುಚಿಯಿಲ್ಲದಿದ್ದರೆ ಹುಡುಗರು ಕಿಟಕಿ ನೋಡುತ್ತಾರೆ. ಮೇಲೆ ಹೇಳಿದ ಚಿತ್ರಗಳಲ್ಲಿಯೂ ಬೇಸರ ಬಂದರೆ ಎದ್ದು ಹೇಳಿರಿ, ಯಾಕೆ ಬೇಸರವಾಯಿತೆಂದೂ ಹೇಳಿರಿ.

ಇನ್ನು ಏರ್ಪಾಟು. ತಿಂಗಳಿಗೆ ಒಂದು ಜೋಡಿ. ಮೊದಲ ಭಾನುವಾರ ಹಳೆಯದು, ಮೂರನೆಯ ಭಾನುವಾರ ಹೊಸದು. ಐದು ಜೋಡಿಗೆ ಐದು ತಿಂಗಳು. ಸಂಜೆ ಐದಕ್ಕೆ ಆರಂಭ, ರಾತ್ರಿ ಪಾಳಿಯವರಿಗೂ ಅನುಕೂಲ. ತಲೆಗೆ ಹತ್ತು ರೂಪಾಯಿ ಟೀ ಖರ್ಚಿಗೆ. ಹಕ್ಕುದಾರರ ಒಪ್ಪಿಗೆ ಪಡೆದೇ ತೋರಿಸೋಣ. ಚಿತ್ರ ಮಾಡಿದವರೂ ದುಡಿಯುವವರೇ. ಅಂಗಡಿಯವರು ಚಾಪೆ, ಕುರ್ಚಿ ಕೊಡಲಿ. ಹೆಂಗಸರು ಮಕ್ಕಳೊಂದಿಗೆ ಬರಲಿ. ಮಕ್ಕಳನ್ನು ಪಕ್ಕದ ಕೋಣೆಯಲ್ಲಿ ಸರದಿಯ ಮೇಲೆ ಗಂಡಸರೇ ನೋಡಿಕೊಳ್ಳಲಿ. ಚಿತ್ರ ಮುಗಿದ ಮೇಲೆ ಅರ್ಧ ಗಂಟೆ ಮಾತು ಕಡ್ಡಾಯ. ಮಾತಿಲ್ಲದಿದ್ದರೆ ಫೋನಿನಲ್ಲಿ ನೋಡಿದಂತೆಯೇ ಆಯಿತು.

ಕೊನೆಯದಾಗಿ ಒಂದು ಮಾತು. 2016ರ ಏಪ್ರಿಲ್ 18ರಂದು ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಗಳ ಹೆಣ್ಣುಮಕ್ಕಳು ಸಾವಿರ ಸಾವಿರವಾಗಿ ರಸ್ತೆಗಿಳಿದರು. ಭವಿಷ್ಯನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷದವರೆಗೆ ಮುಟ್ಟಬಾರದೆಂಬ ಕೇಂದ್ರ ಸರಕಾರದ ನಿಯಮದ ವಿರುದ್ಧ ಎದ್ದವರು ಅವರು. ಮಾರನೆಯ ದಿನವೇ ಸರಕಾರ ಆ ನಿಯಮವನ್ನು ಹಿಂದಕ್ಕೆ ಪಡೆಯಿತು. ಆ ಎರಡು ದಿನ ಬೀದಿಯಲ್ಲಿದ್ದವರು ಈ ಸಭೆಯಲ್ಲೂ ಇದ್ದಾರೆ, ನಮಗೆ ಗೊತ್ತು. ನಾವು ಹೇಳಿದ ಪಟ್ಟಿಯಲ್ಲಿ ಅವರ ಚಿತ್ರವಿಲ್ಲ. ತಬರನನ್ನು ನೋಡಿ ಒಬ್ಬ ಅಣ್ಣ ಬಾಯಿ ಬಿಟ್ಟರು. ಚೋಮನನ್ನು, ಶಿವಮ್ಮನನ್ನು ನೋಡಿದ ಮೇಲೆ ಆ ಅಕ್ಕಂದಿರೂ ಇಲ್ಲಿ ನಿಂತು ತಮ್ಮ ಎರಡು ದಿನದ ಕಥೆ ಹೇಳಲಿ, ನಾವು ಬರೆದಿಡುತ್ತೇವೆ. ಅದನ್ನು ಚಿತ್ರ ಮಾಡುವ ಹುಡುಗಿ ಇದೇ ಓಣಿಯ ಯಾವುದೋ ಮನೆಯಲ್ಲಿ ಈಗ ಶಾಲೆಗೆ ಹೋಗುತ್ತಿರಬಹುದು. ಮೊದಲ ಭಾನುವಾರ ಅವಳನ್ನೂ ಕರೆದುಕೊಂಡು ಬನ್ನಿರಿ.