ಯಾರ ಮಗ ಎಂದು ಕೇಳಿದಾಗ ತಲೆತಗ್ಗಿಸಿದವನು

(ಕರ್ಣನ ಪಾತ್ರವನ್ನು ಕುರಿತು ಚಿಕ್ಕನರಗುಂದದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಈ ಭಾಗದ ಹಳ್ಳಿಗಳಲ್ಲಿ ಯಾರಾದರೂ ಕೈಬಿಚ್ಚಿ ಕೊಟ್ಟರೆ ‘ಅವಾ ಕರ್ಣ ಇದ್ದಾನ್ರೀ’ ಎನ್ನುತ್ತಾರೆ. ಚಿತ್ರನಟ ಅಂಬರೀಷ್ ಅವರನ್ನು ಜನ ‘ಕಲಿಯುಗದ ಕರ್ಣ’ ಎಂದೇ ಕರೆದರು. ಭೀಮನ ಹೆಸರಿನಲ್ಲಿ ಬಲವಿದೆ, ಧರ್ಮರಾಯನ ಹೆಸರಿನಲ್ಲಿ ಗೌರವವಿದೆ. ಆದರೆ ಕರ್ಣನ ಹೆಸರಿನಲ್ಲಿ ಇರುವ ಮರುಕ ಮತ್ತಾರ ಹೆಸರಿನಲ್ಲೂ ಇಲ್ಲ. ಅವನು ಸೋತ ಪಕ್ಷದವನು. ತುಂಬಿದ ಸಭೆಯಲ್ಲಿ ದ್ರೌಪದಿಯನ್ನು ಹೀನಾಯವಾಗಿ ನಿಂದಿಸಿದವನು. ಆದರೂ ಬಯಲಾಟದ ಅಟ್ಟದ ಮೇಲೆ ಕರ್ಣ ಬಿದ್ದಾಗ ಜನ ಕಣ್ಣೊರೆಸಿಕೊಳ್ಳುತ್ತಾರೆ. ಇದು ಏಕೆ ಎಂಬುದೇ ಇಂದಿನ ವಿಷಯ.

ಚಿಕ್ಕನರಗುಂದದವರಿಗೆ ಕರ್ಣ ದೂರದವನೇನೂ ಅಲ್ಲ. ಜಿಲ್ಲಾ ಕೇಂದ್ರ ಗದುಗಿನ ವೀರನಾರಾಯಣ ಗುಡಿಯ ಕಂಬದ ಬಳಿ ಕುಳಿತು ಕುಮಾರವ್ಯಾಸ ಭಾರತ ಬರೆದನೆಂಬ ಪ್ರತೀತಿ ಇದೆ. ಅವನ ಊರು ಹುಬ್ಬಳ್ಳಿ ತಾಲ್ಲೂಕಿನ ಕೋಳಿವಾಡ. ಕಾಲ ಸುಮಾರು 15ನೇ ಶತಮಾನ. ಅವನಿಗೂ ಸುಮಾರು ಐನೂರು ವರ್ಷ ಹಿಂದೆ, ಕ್ರಿ.ಶ. 941ರಲ್ಲಿ, ಪಂಪ ‘ವಿಕ್ರಮಾರ್ಜುನ ವಿಜಯ’ ಬರೆದ. ಪಂಪನ ತಾಯಿಯ ಮನೆತನ ಅಣ್ಣಿಗೇರಿಯದು. ಹೀಗೆ ಕರ್ಣನನ್ನು ಕನ್ನಡದಲ್ಲಿ ಬೆಳೆಸಿದ ಇಬ್ಬರು ಮಹಾಕವಿಗಳ ನಂಟೂ ಇದೇ ಎರೆನೆಲದ ಸೀಮೆಯದು.

ಕಥೆ ಎಲ್ಲರಿಗೂ ಗೊತ್ತಿರುವುದೇ. ಮದುವೆಯಾಗದ ಕುಂತಿ ಮುನಿ ಕೊಟ್ಟ ಮಂತ್ರವನ್ನು ಪರೀಕ್ಷಿಸಿದಳು. ಸೂರ್ಯನಿಂದ ಮಗ ಹುಟ್ಟಿದ. ಲೋಕಾಪವಾದಕ್ಕೆ ಅಂಜಿ ಮಗುವನ್ನು ನೀರಿಗೆ ಬಿಟ್ಟಳು. ಸೂತನಾದ ಅಧಿರಥ ಮತ್ತು ಅವನ ಹೆಂಡತಿ ರಾಧೆ ಅದನ್ನು ಸಾಕಿದರು. ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಕರ್ಣನಿಗೆ ಮನೆಯಲ್ಲಿ ಪ್ರೀತಿಯ ಕೊರತೆ ಇರಲಿಲ್ಲ. ಕೊನೆಯವರೆಗೂ ಅವನು ‘ರಾಧೇಯ’ ಎಂಬ ಹೆಸರನ್ನು ಬಿಡಲಿಲ್ಲ. ಗುಡಿಸಲಿನ ಒಳಗೆ ಅವನು ಮಗನೇ. ಕೊರತೆ ಕಾಡಿದ್ದು ಹೊರಗೆ, ನಾಲ್ಕು ಜನ ಸೇರಿದ ಕಡೆ.

ಆ ನಾಲ್ಕು ಜನ ಸೇರಿದ ಕಡೆಯೇ ಹಸ್ತಿನಾವತಿಯ ಪರೀಕ್ಷಾರಂಗ. ಅರ್ಜುನ ತನ್ನ ವಿದ್ಯೆ ತೋರಿಸಿ ಮೆಚ್ಚುಗೆ ಪಡೆದಿದ್ದಾನೆ. ಆಗ ಕರ್ಣ ಬಂದು, ಅವನು ಮಾಡಿದ್ದನ್ನೆಲ್ಲ ತಾನೂ ಮಾಡಿ ತೋರಿಸುತ್ತಾನೆ. ದ್ವಂದ್ವಯುದ್ಧಕ್ಕೆ ಕರೆಯುತ್ತಾನೆ. ಕೃಪಾಚಾರ್ಯ ಎದ್ದು, ನಿನ್ನ ತಂದೆ ತಾಯಿ ಯಾರು, ಕುಲ ಯಾವುದು ಎಂದು ಕೇಳುತ್ತಾನೆ. ಕರ್ಣನ ತಲೆ ತಗ್ಗುತ್ತದೆ. ಆ ಪ್ರಶ್ನೆಗೆ ಉತ್ತರ ಗೊತ್ತಿದ್ದವಳು ಅದೇ ರಂಗದಲ್ಲಿ ಕುಳಿತಿದ್ದಳು. ಮಗನನ್ನು ಗುರುತಿಸಿದ ಕುಂತಿ ಮೂರ್ಛೆ ಹೋದಳು. ಎಚ್ಚರವಾದ ಮೇಲೂ ಬಾಯಿ ಬಿಡಲಿಲ್ಲ.

ಉತ್ತರ ಕೊಟ್ಟವನು ದುರ್ಯೋಧನ. ಅಲ್ಲಿಯೇ ಅವನಿಗೆ ಅಂಗರಾಜ್ಯದ ಪಟ್ಟ ಕಟ್ಟಿದ. ಅಷ್ಟರಲ್ಲಿ ಮುದುಕ ಅಧಿರಥ ಕೋಲೂರಿಕೊಂಡು ಬಂದ. ಅಭಿಷೇಕದ ನೀರು ಆರದ ತಲೆಯನ್ನು ಕರ್ಣ ಸಾಕುತಂದೆಯ ಪಾದಕ್ಕೆ ಚಾಚಿದ. ಅದನ್ನು ಕಂಡು ಭೀಮ, ನಿನಗೆ ಬಾರುಕೋಲೇ ಸರಿ ಎಂದು ನಕ್ಕ. ನಕ್ಕವನು ಒಡಹುಟ್ಟಿದ ತಮ್ಮ. ಅದು ಇಬ್ಬರಿಗೂ ಗೊತ್ತಿಲ್ಲ.

ಅಣ್ಣತಮ್ಮಂದಿರ ಜಗಳ ಊರಿಗೆ ಹೊಸದಲ್ಲ. ಹೊಲದ ಬದುವಿಗೆ, ಮನೆಯ ಪಾಲಿಗೆ ಜಗಳವಾದರೆ ಹಿರಿಯರು ಕೂತು ತೀರಿಸುತ್ತಾರೆ. ಅಲ್ಲಿ ‘ಎಷ್ಟಾದರೂ ನಿಮ್ಮ ಅಣ್ಣ’ ಎಂಬ ಒಂದು ಮಾತಿಗೆ ಬೆಲೆಯಿದೆ. ಕರ್ಣಾರ್ಜುನರ ಹಗೆಗೆ ಆ ಮಾತೇ ಇರಲಿಲ್ಲ. ಆ ಮಾತು ಆಡಬಹುದಾಗಿದ್ದವರು ಸುಮ್ಮನಿದ್ದರು. ಕುಂತಿಗೆ ಗೊತ್ತಿತ್ತು, ಕೃಷ್ಣನಿಗೆ ಗೊತ್ತಿತ್ತು. ‘ಅರ್ಧರಥ’ ಎಂದು ಹಂಗಿಸಿದ ಭೀಷ್ಮನೂ, ನೀನು ಕುಂತಿಯ ಮಗನೆಂದು ನನಗೆ ಗೊತ್ತು ಎಂದು ಹೇಳಿದ್ದು ಶರಶಯ್ಯೆಯ ಮೇಲೆ ಮಲಗಿದ ನಂತರ.

ಸತ್ಯ ಹೊರಗೆ ಬಂದದ್ದು ಸಂಧಾನ ಮುರಿದ ಮೇಲೆ. ಕುಮಾರವ್ಯಾಸನ ಉದ್ಯೋಗಪರ್ವದ ಈ ಭಾಗವನ್ನು ಹತ್ತನೆಯ ತರಗತಿಯ ಪಠ್ಯದಲ್ಲಿ ಓದಿದ ಮಕ್ಕಳು ಬಹಳ. ಕೃಷ್ಣ ಸಲಿಗೆಯಿಂದ ಕರ್ಣನನ್ನು ತನ್ನ ರಥದಲ್ಲಿ ಪಕ್ಕಕ್ಕೆ ಎಳೆದು ಕೂರಿಸಿಕೊಳ್ಳುತ್ತಾನೆ. ನೀನೇ ಕುಂತಿಯ ಹಿರಿಯ ಮಗ, ಕೌರವ ಪಾಂಡವರಿಬ್ಬರೂ ನಿನ್ನ ಸೇವೆಗೆ ನಿಲ್ಲುತ್ತಾರೆ ಎನ್ನುತ್ತಾನೆ. ಜೀವಮಾನವಿಡೀ ಕಾದ ಉತ್ತರ ಸಿಕ್ಕಿದಾಗ ಕರ್ಣ ಹಿಗ್ಗಬೇಕಿತ್ತು. ಅವನು ಹಿಗ್ಗುವುದಿಲ್ಲ. ಗಂಟಲು ಕಟ್ಟುತ್ತದೆ, ಕಣ್ಣೀರು ಉಕ್ಕುತ್ತದೆ. ಅವನ ಮನಸ್ಸಿಗೆ ಮೊದಲು ಬರುವುದು ಸಿಂಹಾಸನವಲ್ಲ, ದುರ್ಯೋಧನನಿಗೆ ಕೇಡಾಯಿತಲ್ಲ ಎಂಬ ಸಂಕಟ. ಈ ಸುದ್ದಿಯ ಹಿಂದಿನ ಉದ್ದೇಶ ಅವನಿಗೆ ತಿಳಿದಿತ್ತು. ಸತ್ಯ ಬಂದದ್ದು ಅವನನ್ನು ಸಂತೈಸಲು ಅಲ್ಲ, ಅವನ ಕೈಯ ಬಿಲ್ಲನ್ನು ಸಡಿಲಿಸಲು.

ಆನಂತರ ಗಂಗೆಯ ದಡಕ್ಕೆ ಕುಂತಿಯೂ ಬಂದಳು. ತಾಯಿಯಾಗಿ ಮಗನೆದುರು ನಿಂತದ್ದು ಅದೇ ಮೊದಲು. ಆ ಮೊದಲ ಭೇಟಿಯಲ್ಲಿ ಕೇಳಿದ್ದು ಉಳಿದ ಮಕ್ಕಳ ಪ್ರಾಣ. ಒಮ್ಮೆ ತೊಟ್ಟ ಬಾಣವನ್ನು ಮತ್ತೆ ತೊಡಬೇಡ ಎಂಬ ಬೇಡಿಕೆ ಕನ್ನಡದ ಕಥನದಲ್ಲಿ ಬರುತ್ತದೆ. ಮೂಲ ಭಾರತದಲ್ಲಿ ಕರ್ಣ, ತಾಯಿ ಮಾಡಬೇಕಾದದ್ದನ್ನು ನೀನು ಎಂದೂ ಮಾಡಲಿಲ್ಲ ಎಂದು ನೇರವಾಗಿ ಹೇಳುತ್ತಾನೆ. ಹೇಳಿದ ಮೇಲೂ ಬರಿಗೈಯಲ್ಲಿ ಕಳಿಸುವುದಿಲ್ಲ. ಅರ್ಜುನನ ಹೊರತು ಉಳಿದವರನ್ನು ಕೊಲ್ಲುವುದಿಲ್ಲ, ನಾನು ಸತ್ತರೂ ಅವನು ಸತ್ತರೂ ನಿನಗೆ ಐವರು ಮಕ್ಕಳಿರುತ್ತಾರೆ ಎಂದು ಮಾತು ಕೊಡುತ್ತಾನೆ. ದಾನಶೂರನೆಂಬ ಮಾತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಪಡೆಯದ ತಾಯ್ತನಕ್ಕೆ ಅವನು ಮಗನಾಗಿ ಬೆಲೆ ಕೊಟ್ಟ.

ಹಾಗೆಂದು ಕರ್ಣನ ತಪ್ಪನ್ನು ಮುಚ್ಚಬೇಕಾಗಿಲ್ಲ. ತನಗಾದ ಅವಮಾನದ ನೋವು ಗೊತ್ತಿದ್ದವನೇ ದ್ರೌಪದಿಯ ವಸ್ತ್ರ ಸೆಳೆಯಲು ಹೇಳಿದ. ದುರ್ಯೋಧನನ ಮೆಚ್ಚುಗೆಗಾಗಿ ಪಾಂಡವರನ್ನು ಬಿರುನುಡಿಗಳಿಂದ ನೋಯಿಸಿದ್ದಕ್ಕೆ ಪರಿತಪಿಸುತ್ತೇನೆ ಎಂದು ಅವನೇ ಕೃಷ್ಣನೆದುರು ಒಪ್ಪಿಕೊಳ್ಳುತ್ತಾನೆ. ಮನೆಯವರು ಕೊಡದ ಸ್ಥಾನವನ್ನು ಹೊರಗಿನವನು ಕೊಟ್ಟರೆ, ಅವನು ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಅಪಾಯ ಇದು. ಕುಂತಿಯನ್ನೂ ಒಂದೇ ಮಾತಿನಲ್ಲಿ ದೂಷಿಸುವಂತಿಲ್ಲ. ಮಗುವನ್ನು ನೀರಿಗೆ ಬಿಟ್ಟ ಕೈ ಅವಳದಾದರೂ, ಬಿಡುವಂತೆ ಮಾಡಿದ್ದು ಊರ ಬಾಯಿಯ ಭಯ.

ಯುದ್ಧ ಮುಗಿದು ತರ್ಪಣ ಬಿಡುವಾಗ ಕುಂತಿ ಮಕ್ಕಳಿಗೆ ಹೇಳಿದಳು: ಕರ್ಣನಿಗೂ ನೀರು ಬಿಡಿರಿ, ಅವನು ನಿಮ್ಮ ಹಿರಿಯಣ್ಣ. ಧರ್ಮರಾಯ ಗೆದ್ದ ರಾಜ್ಯವನ್ನೇ ಹಳಿದುಕೊಂಡ. ರಂಗದಲ್ಲಿ ಹೇಳಿದ್ದರೆ ಒಂದು ಮನೆ ಉಳಿಯುತ್ತಿದ್ದ ಮಾತು, ನದಿಯ ದಡದಲ್ಲಿ ಬರೀ ನೀರಾಯಿತು.

ಇನ್ನೊಂದು ಸಂಗತಿ. ಪಂಪನ ಆಶ್ರಯದಾತ ವೇಮುಲವಾಡದ ಇಮ್ಮಡಿ ಅರಿಕೇಸರಿ. ಅವನನ್ನೇ ಅರ್ಜುನನಿಗೆ ಹೋಲಿಸಿ ಪಂಪ ಕಾವ್ಯ ಬರೆದ. ಅಂಥ ಕಾವ್ಯದಲ್ಲಿಯೂ, ಭಾರತದಲ್ಲಿ ಒಬ್ಬನನ್ನೇ ನೆನೆಯುವುದಾದರೆ ಕರ್ಣನನ್ನು ನೆನೆಯಬೇಕೆಂದು ಅವನು ಹೇಳದೆ ಇರಲಿಲ್ಲ. ಅದೇ ಪಂಪನಿಗೆ ಜಿನವಲ್ಲಭನೆಂಬ ತಮ್ಮನಿದ್ದ. ಪಂಪನ ತಂದೆ ಭೀಮಪಯ್ಯ, ತಾಯಿ ಅಬ್ಬಣಬ್ಬೆ, ಅಣ್ಣಿಗೇರಿಯ ನಂಟು, ಅಣ್ಣನ ಕೀರ್ತಿ, ಇವೆಲ್ಲ ಇಂದು ಖಚಿತವಾಗಿ ತಿಳಿದಿರುವುದು ಆ ತಮ್ಮ ಇಂದಿನ ತೆಲಂಗಾಣದ ಕುರಿಕ್ಯಾಲದ ಬಂಡೆಯ ಮೇಲೆ ಕೆತ್ತಿಸಿದ ಶಾಸನದಿಂದ. ಕರ್ಣನಿಗೆ ಸಿಗದೇ ಹೋದದ್ದು ಇದೇ: ಇವನು ನಮ್ಮಣ್ಣ ಎಂದು ಜನರೆದುರು ಹೇಳುವ ಒಬ್ಬ ತಮ್ಮ.

ಮಕ್ಕಳಲ್ಲಿ ಒಬ್ಬನನ್ನು ಹೊಗಳಿ ಇನ್ನೊಬ್ಬನನ್ನು ಮರೆಯುವ ಮನೆ ಇಂದಿಗೂ ಇದೆ. ತಟ್ಟೆಗೆ ಅನ್ನ ಹಾಕಿದರೆ ಸಾಲದು. ಇವನು ನಮ್ಮವನು ಎಂಬ ಮಾತು ಹೊತ್ತಿಗೆ ಸರಿಯಾಗಿ, ನಾಲ್ಕು ಜನರ ಮುಂದೆ ಬರಬೇಕು. ಕರ್ಣನಿಗಾಗಿ ಅಳುವ ಜನರಿಗೆ ಇದು ಗೊತ್ತಿದೆ. ಅಳುವುದಕ್ಕೆ ಮುಂಚೆ ನೆನಪಾದರೆ ಇನ್ನೂ ಒಳ್ಳೆಯದು.