ಸುದ್ದಿಯಿಲ್ಲವೆಂದರೆ ಕ್ಷೇಮವೆಂದು ಅರ್ಥವಲ್ಲ

(ಶಾಖಾ ಮಠದ ವಾರ್ಷಿಕೋತ್ಸವದ ಸಂದರ್ಭದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)

 

‘ಶಾಲೆ ಮತ್ತು ಮನೆ’ ಎಂಬ ವಿಷಯವಾಗಿ ನಾಲ್ಕು ಮಾತನಾಡಬೇಕೆಂದು ವ್ಯವಸ್ಥಾಪಕರು ಅಪ್ಪಣೆ ಮಾಡಿದ್ದಾರೆ. ನಾನು ಶಿಕ್ಷಣತಜ್ಞನಲ್ಲ. ಡಿಪ್ಲೊಮಾ ಮುಗಿಸಿ ರೈಲ್ವೆಯಲ್ಲಿ ಸೇವೆ ಸಲ್ಲಿಸಿ ನಿವೃತ್ತನಾದ ಇಂಜಿನಿಯರು. ಆದುದರಿಂದ ನನಗೆ ತಿಳಿದ ರೈಲ್ವೆಯ ದೃಷ್ಟಾಂತದಿಂದಲೇ ಆರಂಭಿಸಲು ಅನುಮತಿ ಬೇಡುತ್ತೇನೆ.

ಹಳಿಯ ಮೇಲೆ ಗಾಡಿ ಇದೆಯೋ ಇಲ್ಲವೋ ಎಂಬುದನ್ನು ತಿಳಿಯಲು ಹಳಿಗಳಲ್ಲಿಯೇ ಸಣ್ಣ ವಿದ್ಯುತ್ ಪ್ರವಾಹವನ್ನು ಹರಿಸುವ ವ್ಯವಸ್ಥೆಯೊಂದಿದೆ. ಅದಕ್ಕೆ ಟ್ರ್ಯಾಕ್ ಸರ್ಕಿಟ್ ಎಂದು ಹೆಸರು. ಅಮೆರಿಕದ ವಿಲಿಯಂ ರಾಬಿನ್ಸನ್ ಎಂಬವರು 1872ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಪ್ರವಾಹವು ಒಂದು ತುದಿಯಿಂದ ಹೊರಟು ಇನ್ನೊಂದು ತುದಿಯ ರಿಲೇಯನ್ನು ತಲುಪುತ್ತಿದ್ದರೆ ಮಾತ್ರ ಮಾರ್ಗ ತೆರವಾಗಿದೆ ಎಂದರ್ಥ. ಗಾಡಿ ಬಂದರೆ ಅದರ ಗಾಲಿಗಳು ಪ್ರವಾಹವನ್ನು ನಡುವೆಯೇ ತಡೆದುಬಿಡುತ್ತವೆ, ಸಿಗ್ನಲ್ ಕೆಂಪಾಗುತ್ತದೆ. ಇಷ್ಟೇ ಆಗಿದ್ದರೆ ವಿಶೇಷವಿರಲಿಲ್ಲ. ತಂತಿ ತುಂಡಾದರೂ, ಬ್ಯಾಟರಿ ಸತ್ತುಹೋದರೂ ಸಿಗ್ನಲ್ ಕೆಂಪಾಗಿಯೇ ನಿಲ್ಲುತ್ತದೆ. ಅಂದರೆ, ಸುದ್ದಿ ಬಾರದಿದ್ದರೆ ಅಪಾಯವಿದೆಯೆಂದೇ ತಿಳಿ, ಹೋಗಿ ನೋಡು, ಆಮೇಲೆ ಗಾಡಿ ಬಿಡು. ರೈಲ್ವೆಯ ಸುರಕ್ಷತೆಯೆಲ್ಲ ನಿಂತಿರುವುದು ಈ ಒಂದು ತತ್ತ್ವದ ಮೇಲೆ.

ನಮ್ಮ ಮನೆಗಳಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಶಾಲೆಯಿಂದ ದೂರು ಬಾರದಿದ್ದರೆ ಎಲ್ಲವೂ ಸರಿಯಾಗಿದೆಯೆಂದು ನಂಬುತ್ತೇವೆ. ಮಗು ಮಾತನಾಡದಿದ್ದರೆ ‘ಗಂಭೀರನಾಗಿದ್ದಾನೆ, ಓದಿನಲ್ಲಿ ಮಗ್ನನಾಗಿದ್ದಾನೆ’ ಎಂದು ಸಮಾಧಾನಪಡುತ್ತೇವೆ. ಮೌನವನ್ನು ನಾವು ಹಸಿರು ದೀಪವೆಂದು ಓದುತ್ತಿದ್ದೇವೆ.

ನಾವು ಇಂದು ಸೇರಿರುವ ಈ ಕೋಟೆ ಪ್ರದೇಶಕ್ಕೆ, ಅಂದರೆ ಫೋರ್ಟಿಗೆ, ಈ ವಿಷಯದಲ್ಲಿ ಒಂದು ಇತಿಹಾಸವೇ ಇದೆ. ಕರಾವಳಿಯಿಂದ ಹೊಟ್ಟೆಪಾಡಿಗಾಗಿ ಬಂದ ಸಾವಿರಾರು ಹುಡುಗರು ಹೋಟೆಲು, ಕ್ಯಾಂಟೀನು, ಕಚೇರಿಗಳಲ್ಲಿ ಹಗಲಿಡೀ ದುಡಿದು, ಸಂಜೆ ಪುಸ್ತಕ ಹಿಡಿದು ಕನ್ನಡ ರಾತ್ರಿಶಾಲೆಗಳಿಗೆ ಹೋಗುತ್ತಿದ್ದರು. ಮೊಗವೀರ ವ್ಯವಸ್ಥಾಪಕ ಮಂಡಳಿ, ಬಿಲ್ಲವರ ಅಸೋಸಿಯೇಶನ್ ಮೊದಲಾದ ಸಂಸ್ಥೆಗಳು ನಡೆಸಿದ ಅಂತಹ ಶಾಲೆಗಳಿಂದ ಹೊರಬಂದವರು ಬ್ಯಾಂಕು, ರೈಲ್ವೆ, ನ್ಯಾಯಾಲಯಗಳಲ್ಲಿ ಗೌರವದ ಸ್ಥಾನಗಳನ್ನು ಪಡೆದರು. ಅವರಲ್ಲಿ ಕೆಲವರು ನನ್ನ ಸಹೋದ್ಯೋಗಿಗಳೂ ಆಗಿದ್ದರು.

ಆ ಹುಡುಗರ ತಂದೆತಾಯಿಯರು ಉಡುಪಿ, ಕುಂದಾಪುರ, ಕಾರ್ಕಳದ ಹಳ್ಳಿಗಳಲ್ಲಿದ್ದರು. ಕೊಂಕಣ ರೈಲ್ವೆ ಪೂರ್ಣವಾಗಿ ತೆರೆದದ್ದು 1998ರ ಜನವರಿಯಲ್ಲಿ. ಅದಕ್ಕೆ ಮುಂಚೆ ಊರೆಂಬುದು ಬಲು ದೂರ. ಮಗನ ಸಮಾಚಾರ ಊರಿಗೆ ತಲುಪುತ್ತಿದ್ದುದು ತಿಂಗಳ ಮನಿಯಾರ್ಡರಿನ ಮೂಲಕ. ಆ ಫಾರಮಿನ ಅಂಚಿನಲ್ಲಿ ಸಂದೇಶಕ್ಕೆಂದು ಬಿಟ್ಟ ಅಂಗೈಯಗಲದ ಜಾಗದಲ್ಲಿ ‘ನಾನು ಕ್ಷೇಮ, ನೀವು ಕ್ಷೇಮವೆಂದು ನಂಬಿದ್ದೇನೆ’ ಎಂದಿಷ್ಟೇ ಇರುತ್ತಿತ್ತು. ಜ್ವರ ಬಂದು ಮಲಗಿದ್ದವನೂ ಅದನ್ನೇ ಬರೆಯುತ್ತಿದ್ದ, ಪರೀಕ್ಷೆಯಲ್ಲಿ ನಪಾಸಾಗಿ ಅತ್ತವನೂ ಅದನ್ನೇ ಬರೆಯುತ್ತಿದ್ದ. ಸುಳ್ಳು ಹೇಳಬೇಕೆಂದಲ್ಲ, ತಾಯಿ ನೊಂದಾಳು ಎಂಬ ಅಂಜಿಕೆ.

ಹೀಗಿದ್ದೂ ಆ ಹುಡುಗರು ಉಳಿದು ಬೆಳೆದದ್ದು ಹೇಗೆ? ನನ್ನ ಪರಿಚಯದ ರಾತ್ರಿಶಾಲೆಯ ಮಾಸ್ತರರೊಬ್ಬರು ಹೇಳುತ್ತಿದ್ದರು: ಹುಡುಗನೊಬ್ಬ ಎರಡು ದಿನ ತರಗತಿಗೆ ಬಾರದಿದ್ದರೆ ಅವರು ಪಾಠ ಮುಗಿಸಿ ಅವನ ಹೋಟೆಲಿಗೇ ಹೋಗಿ ವಿಚಾರಿಸುತ್ತಿದ್ದರಂತೆ. ಮೈ ಸರಿಯಿಲ್ಲವೋ, ಮಾಲಿಕರು ಬಿಡಲಿಲ್ಲವೋ, ಮನಸ್ಸೇ ಮುರಿದಿದೆಯೋ ಎಂದು ಕೇಳಿ ತಿಳಿದು, ಅಗತ್ಯವಿದ್ದರೆ ಊರಿಗೆ ತಾವೇ ಒಂದು ಕಾರ್ಡು ಬರೆಯುತ್ತಿದ್ದರು. ಹುಡುಗ ಬರೆಯದೆ ಬಿಟ್ಟದ್ದು ಆ ಕಾರ್ಡಿನಲ್ಲಿ ಇರುತ್ತಿತ್ತು. ಹದಿನಾಲ್ಕು ವರ್ಷಕ್ಕಿಂತ ಕಿರಿಯರನ್ನು ಹೋಟೆಲುಗಳಲ್ಲಿ ದುಡಿಸುವುದು 2006ರ ಅಕ್ಟೋಬರಿನಿಂದ ನಿಷಿದ್ಧವಾಯಿತು, ಅದು ಆಗಬೇಕಾದದ್ದೇ. ಊರಿನಲ್ಲಿಯೇ ಶಾಲೆ ಕಾಲೇಜುಗಳು ಹೆಚ್ಚಿದಂತೆ ಆ ಹುಡುಗರ ಬರವೂ ಕಡಿಮೆಯಾಯಿತು. ಆದರೆ ಬಾರದವನನ್ನು ಹುಡುಕಿಕೊಂಡು ಹೋಗುವ ಆ ರೂಢಿ ಮಾತ್ರ ಮರೆಯತಕ್ಕದ್ದಲ್ಲ.

ಭಾಗವತದ ದಶಮಸ್ಕಂಧದಲ್ಲಿ ಸುದಾಮನ ಕಥೆಯನ್ನು ತಾವೆಲ್ಲ ಕೇಳಿದ್ದೀರಿ. ಗುರುಪತ್ನಿಯ ಮಾತಿನಂತೆ ಕಟ್ಟಿಗೆ ತರಲು ಕಾಡಿಗೆ ಹೋದ ಕೃಷ್ಣ ಸುದಾಮರು ಬಿರುಗಾಳಿ ಮಳೆಗೆ ಸಿಕ್ಕಿ, ದಾರಿ ತಪ್ಪಿ, ಕೈಕೈ ಹಿಡಿದುಕೊಂಡು ರಾತ್ರಿ ಕಳೆದರು. ಬೆಳಗಾಗುತ್ತಲೇ ಸಾಂದೀಪನಿ ಆಚಾರ್ಯರು ತಾವೇ ಹುಡುಕುತ್ತ ಕಾಡಿಗೆ ಬಂದರು. ಕೃಷ್ಣನಂತಹ ಶಿಷ್ಯ, ಅವನಿಗೇನಾದೀತು ಎಂದು ಆಶ್ರಮದಲ್ಲಿ ಕುಳಿತಿರಲಿಲ್ಲ. ಶಿಷ್ಯರು ಬರಲಿಲ್ಲವೆಂಬುದೇ ಅವರಿಗೆ ಸಾಕಾದ ಸುದ್ದಿಯಾಯಿತು.

ಇನ್ನು ಇಂದಿನ ಮಾತು. ಈಗ ಸುದ್ದಿಗೆ ಬರವಿಲ್ಲ. ಹಾಜರಿ, ಮನೆಗೆಲಸ, ಅಂಕಗಳು, ಬಸ್ಸು ಹೊರಟ ಸಮಯ ಎಲ್ಲವೂ ಮೊಬೈಲಿಗೆ ಬರುತ್ತವೆ. ಆದರೆ ವಿರಾರ್, ಡೊಂಬಿವಿಲಿಗಳಿಂದ ಬೆಳಗಿನ ಲೋಕಲ್ ಹಿಡಿದು ರಾತ್ರಿ ಮನೆ ಸೇರುವ ತಂದೆತಾಯಿಯರಿಗೆ, ಮಗು ಮಧ್ಯಾಹ್ನದ ಡಬ್ಬಿಯನ್ನು ಯಾರೊಡನೆ ಕುಳಿತು ಉಣ್ಣುತ್ತದೆ, ಒಬ್ಬನೇ ಕುಳಿತು ಉಣ್ಣುತ್ತದೆಯೇ ಎಂಬುದು ಆ ಸಂದೇಶಗಳಿಂದ ತಿಳಿಯದು. ಅದು ಇಂದಿನ ಮನಿಯಾರ್ಡರು. ‘ಕ್ಷೇಮ’ ಎಂಬ ಒಂದೇ ಪದ ನೂರು ಬಗೆಯ ಅಂಕಿಗಳಲ್ಲಿ ಬರುತ್ತಿದೆ.

ಕಾನೂನು ಈ ಅಗತ್ಯವನ್ನು ಗುರುತಿಸಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯು, ತಂದೆತಾಯಿಯರ ಸಭೆಯನ್ನು ನಿಯಮಿತವಾಗಿ ಕರೆದು ಮಗುವಿನ ಹಾಜರಿ, ಕಲಿಕೆಯ ಸಾಮರ್ಥ್ಯ, ಪ್ರಗತಿ ಮತ್ತು ಇತರ ಸಂಗತಿಗಳನ್ನು ತಿಳಿಸುವುದು ಶಿಕ್ಷಕರ ಕರ್ತವ್ಯವೆಂದು ಹೇಳುತ್ತದೆ. 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟು, 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ವಿದ್ಯಾಸಂಸ್ಥೆಗಳಲ್ಲಿ ಅರ್ಹ ಆಪ್ತಸಮಾಲೋಚಕರೊಬ್ಬರಾದರೂ ಇರಬೇಕೆಂದು ನಿರ್ದೇಶಿಸಿತು. ನಿಮ್ಮ ಶಾಲೆಯಲ್ಲಿ ಅವರು ಯಾರೆಂದು ವಿಚಾರಿಸಿರಿ. ವಿಚಾರಿಸುವುದು ಅವಮಾನದ ಸಂಗತಿಯಲ್ಲ. ಮಕ್ಕಳ ಸಹಾಯವಾಣಿ 1098 ಹುಟ್ಟಿದ್ದೇ 1996ರಲ್ಲಿ, ಇದೇ ಮುಂಬಯಿಯಲ್ಲಿ. ಮನಸ್ಸಿನ ಕ್ಲೇಶಕ್ಕೆ 2022ರಿಂದ ಟೆಲಿಮಾನಸ್ ಎಂಬ ಸೇವೆಯಿದೆ. 14416 ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೂ ಮಾತನಾಡಬಹುದು. ಈ ಎರಡು ಸಂಖ್ಯೆಗಳು ಪಂಚಾಂಗದ ಪಕ್ಕದಲ್ಲಿ ಬರೆದಿರಲಿ.

ಕೊನೆಯದಾಗಿ ಕೆಲವು ವಿನಂತಿಗಳು. ಪಾಲಕರ ಸಭೆಗೆ ಹೋದಾಗ ಅಂಕಗಳನ್ನು ಬಿಟ್ಟು ಒಂದು ಪ್ರಶ್ನೆಯನ್ನಾದರೂ ಕೇಳಿರಿ: ‘ನನ್ನ ಮಗು ತರಗತಿಯಲ್ಲಿ ನಗುತ್ತದೆಯೇ?’ ಶಿಕ್ಷಕರಿಗೆ ಉತ್ತರ ತಿಳಿದಿದ್ದರೆ ಸಂತೋಷ. ತಿಳಿಯದಿದ್ದರೆ ನಾಳೆಯಿಂದ ಅವರು ಗಮನಿಸುತ್ತಾರೆ.

ಪ್ರವಾಹ ಎರಡೂ ಕಡೆ ಹರಿಯಬೇಕು. ಮನೆಯಲ್ಲಿ ಅಜ್ಜ ತೀರಿಕೊಂಡಿದ್ದರೆ, ತಂದೆಯ ನೌಕರಿ ಹೋಗಿದ್ದರೆ, ತಾಯಿ ಆಸ್ಪತ್ರೆಯಲ್ಲಿದ್ದರೆ ಶಾಲೆಗೆ ಒಂದು ಮಾತು ತಿಳಿಸಿರಿ. ಕಾರಣ ತಿಳಿಯದ ಶಿಕ್ಷಕರು ಮಗುವನ್ನು ಸೋಮಾರಿಯೆಂದು ಗದರಿಸಿಯಾರು.

ಮನೆಯ ಹಿರಿಯರಲ್ಲಿ ಪ್ರಾರ್ಥನೆ: ಶಾಲೆಯಿಂದ ಮರಳುವ ಮಗುವಿನ ಮುಖವನ್ನು ಮೊದಲು ನೋಡುವವರು ನೀವು. ನಿದ್ದೆ, ಊಟ, ಆಟಗಳಲ್ಲಿ ಹದಿನೈದು ದಿನ ವ್ಯತ್ಯಾಸ ಕಂಡರೆ, ‘ದೃಷ್ಟಿ ತಾಗಿದೆ’ ಎಂದಷ್ಟಕ್ಕೇ ಬಿಡದೆ ಮಗ ಸೊಸೆಯರಿಗೆ ತಿಳಿಸಿರಿ. ಮಕ್ಕಳನ್ನು ದೂರದ ವಸತಿಶಾಲೆ, ಕೋಚಿಂಗ್ ಕೇಂದ್ರ, ಗುರುಕುಲಗಳಿಗೆ ಕಳುಹಿಸಿದವರು ಫೋನಿನಲ್ಲಿ ಅಂಕ ಕೇಳುವ ಮುನ್ನ ‘ಊಟವಾಯಿತೇ, ಯಾರೊಡನೆ ಮಾಡಿದೆ?’ ಎಂದು ಕೇಳಿರಿ.

ಆದರೆ ತಿಳಿಯುವುದು ಬೇರೆ, ಬೇಹು ನಡೆಸುವುದು ಬೇರೆ. ಮಗುವಿನ ಡೈರಿಯನ್ನು ಕದ್ದು ಓದಿದರೆ, ಅದರ ಅಂಕಗಳನ್ನು ಬಂಧುಗಳ ವಾಟ್ಸಾಪಿನಲ್ಲಿ ಸಾರಿದರೆ ತಂತಿಯನ್ನು ನಾವೇ ಕತ್ತರಿಸಿದಂತೆ. ಮುಂದೆ ಮಗು ‘ಕ್ಷೇಮ’ ಎಂದಷ್ಟೇ ಹೇಳಲು ಕಲಿಯುತ್ತದೆ. ಕೆಟ್ಟ ಸುದ್ದಿ ತಂದ ಮಗುವಿಗೆ ಮೊದಲು ನೀರು ಕೊಡಿ, ಕೂರಿಸಿ, ಬುದ್ಧಿವಾದ ನಾಳೆಗಿರಲಿ. ಆಗ ಎರಡನೆಯ ಸುದ್ದಿಯನ್ನೂ ಅದು ನಿಮಗೇ ತಂದು ಹೇಳುತ್ತದೆ.

ಇಲ್ಲಿ ಕುಳಿತಿರುವ ಎಲ್ಲ ಮಕ್ಕಳಿಗೂ ಶ್ರೀಹರಿವಾಯುಗುರುಗಳು ಆಯುರಾರೋಗ್ಯವನ್ನೂ ಸದ್ವಿದ್ಯೆಯನ್ನೂ ಅನುಗ್ರಹಿಸಲಿ ಎಂದು ಪ್ರಾರ್ಥಿಸುತ್ತೇನೆ.

ಶ್ರೀಕೃಷ್ಣಾರ್ಪಣಮಸ್ತು.