ರೂಟರ್ ಪುಟ ತೆವಳಿದಾಗ



ಮನೆಮನೆಗೆ ಹೋಗಿ ಹಿರಿಯರಿಗೆ ಫೋನು, ಕಂಪ್ಯೂಟರು, ವೈಫೈ ಸರಿಮಾಡಿಕೊಡುವ ನಮ್ಮ ಸ್ವಯಂಸೇವಕರ ತಂಡದ ಪರವಾಗಿ ಹತ್ತು ನಿಮಿಷ ಮಾತನಾಡಿ ಎಂದು ಸಮಿತಿಯವರು ಅಪ್ಪಣೆ ಮಾಡಿದ್ದಾರೆ. ಸಿಲಿಕಾನ್ ಕಣಿವೆಯಲ್ಲಿ ನಿಂತು ರೂಟರ್ ಬಗ್ಗೆ ಹೇಳುವುದೆಂದರೆ ಉಡುಪಿಯಲ್ಲಿ ನಿಂತು ದೋಸೆ ಹುಯ್ಯುವುದನ್ನು ಕಲಿಸಿದಂತೆ. ಅಂಥ ಪೆಟ್ಟಿಗೆಗಳನ್ನು ತಯಾರಿಸುವ ಕಂಪನಿಗಳಲ್ಲೇ ದುಡಿದವರು ಈ ಸಭೆಯಲ್ಲೂ ಇದ್ದೀರಿ. ಆದರೆ ಮನೆಯ ರೂಟರ್ ಮುಂದೆ ನಾವೆಲ್ಲರೂ ಸಮಾನರು. ಇದನ್ನು ನಾವು ನಮ್ಮ ತಪ್ಪಿನಿಂದಲೇ ಕಲಿತೆವು.

ಒಂದು ಚಳಿಗಾಲದ ಸಂಜೆ ಫ್ರೀಮಾಂಟಿನ ಒಂದು ಮನೆಗೆ ಹೋಗಿದ್ದೆವು. ಮಗ ಸೊಸೆ ಊರಲ್ಲಿರಲಿಲ್ಲ. ನಿವೃತ್ತ ಶಿಕ್ಷಕಿಯಾದ ತಾಯಿ ಒಬ್ಬರೇ ಇದ್ದರು. ಹಾಸನದಲ್ಲಿ ಅವರ ಅಕ್ಕನಿಗೆ ಬೆಳಗ್ಗೆ ಒಂಬತ್ತೂವರೆಗೆ ಶಸ್ತ್ರಚಿಕಿತ್ಸೆ ಎಂದು ಗೊತ್ತಾಗಿತ್ತು. ಚಳಿಗಾಲದಲ್ಲಿ ಭಾರತದ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಮುಂದೆ. ಅಂದರೆ ನಮ್ಮ ರಾತ್ರಿ ಎಂಟು. ಅಷ್ಟರೊಳಗೆ ಅಕ್ಕನ ಮುಖ ನೋಡಿ ಎರಡು ಮಾತು ಆಡಬೇಕು ಎಂಬುದು ಅವರ ಆಸೆ. ಹಳೆಯ ರೂಟರ್ ಆಗಾಗ ಕೈಕೊಡುತ್ತಿತ್ತು, ಹೊಸದು ತರಿಸಿದ್ದರು. ಏಳು ಗಂಟೆಗೆ ಹೋದ ನಾವು, "ಐದು ನಿಮಿಷದ ಕೆಲಸ ಅಮ್ಮ" ಎಂದೆವು.

ಹಳೆಯದನ್ನು ಕಿತ್ತು ಪೆಟ್ಟಿಗೆಗೆ ಹಾಕಿದೆವು. ಹೊಸದನ್ನು ಜೋಡಿಸಿ ಅದರ ಸೆಟಿಂಗ್ ಪುಟ ತೆರೆದೆವು. ಅರ್ಧ ಪುಟ ಬಂತು, ಚಕ್ರ ತಿರುಗತೊಡಗಿತು. ಒಂದು ಗುಂಡಿ ಒತ್ತಿದರೆ ಒಂದು ನಿಮಿಷ ಕಾಯಬೇಕು. ತಾಳ್ಮೆ ಕಳೆದುಕೊಂಡು ಪಿನ್ನಿನಿಂದ ಹಿಂದಿನ ರೀಸೆಟ್ ಗುಂಡಿ ಒತ್ತಿದೆವು. ಮತ್ತೆ ಮೊದಲಿನಿಂದ ಶುರು. ಮತ್ತೆ ಚಕ್ರ. ಮತ್ತೆ ಪಿನ್ನು. ಆಗ ಆ ತಾಯಿ ಪೆಟ್ಟಿಗೆಯಲ್ಲಿದ್ದ ಕಾಗದ ಹಿಡಿದು ಬಂದು ಮೆಲ್ಲಗೆ ಕೇಳಿದರು: "ಕಿತ್ತಳೆ ಬಣ್ಣದ ದೀಪ ಮಿನುಗುವಾಗ ಮುಟ್ಟಬೇಡಿ ಅಂತ ಇಲ್ಲಿ ಬರೆದಿದೆಯಲ್ಲಪ್ಪ?"

ದೀಪ ಕಿತ್ತಳೆ ಬಣ್ಣದಲ್ಲೇ ಮಿನುಗುತ್ತಿತ್ತು. ಹೊರಗಿನ ಸಂಪರ್ಕ ಸಿಕ್ಕ ಕೂಡಲೇ ರೂಟರ್ ತನ್ನ ಹೊಸ ತಂತ್ರಾಂಶವನ್ನು ತರಿಸಿಕೊಂಡು ಹಾಕಿಕೊಳ್ಳುತ್ತಿತ್ತು. ಅದರ ಪುಟ್ಟ ಪ್ರೊಸೆಸರಿಗೆ ಆ ಕೆಲಸದ ಮಧ್ಯೆ ನಮಗೆ ಪುಟ ತೋರಿಸಲು ಪುರುಸೊತ್ತಿರಲಿಲ್ಲ. ಪ್ರತಿ ಸಲವೂ ಕೆಲಸ ಮುಗಿಯುವ ಮುಂಚೆ ನಾವೇ ಕೆಡಿಸುತ್ತಿದ್ದೆವು. ಕೈಕಟ್ಟಿ ಕುಳಿತ ಮೇಲೆ ಎಲ್ಲ ಸರಿಹೋಯಿತು. ಆಗ ಎಂಟೂಕಾಲು. ಅಕ್ಕನನ್ನು ಒಳಗೆ ಕರೆದೊಯ್ದಾಗಿತ್ತು.

ದೇವರ ದಯೆ, ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು. ಮೂರನೆಯ ದಿನ ಅಕ್ಕತಂಗಿ ಮಾತನಾಡಿಕೊಂಡರು. ಆ ರಾತ್ರಿ ಆ ತಾಯಿ ನಮಗೆ ಒಂದು ಮಾತೂ ಅನ್ನದೆ ಕಾಫಿ ಕೊಟ್ಟು ಕಳಿಸಿದರು. ಕಾರು ಹತ್ತಿದ ಮೇಲೆ ನಮಗೆ ಹೊಳೆಯಿತು: ನಮ್ಮೆಲ್ಲರ ಜೇಬಿನಲ್ಲೂ ಫೋನಿತ್ತು. ಅದರಿಂದಲೇ ಕರೆ ಮಾಡಿಕೊಟ್ಟು, ಆಮೇಲೆ ನಿಧಾನವಾಗಿ ರೂಟರ್ ನೋಡಬಹುದಿತ್ತು. ಪುಟ ತೆರೆಯುವ ಹಟದಲ್ಲಿ, ಬಂದ ಕೆಲಸವೇ ಮರೆತಿತ್ತು.

ಅಂದಿನಿಂದ ನಾವು ಒಂದು ಕ್ರಮ ಇಟ್ಟುಕೊಂಡಿದ್ದೇವೆ. ನಿಮಗೂ ಉಪಯೋಗವಾದೀತು.

ಮೊದಲನೆಯದಾಗಿ, ಆ ಪುಟ ಇಂಟರ್ನೆಟ್ಟಿನಿಂದ ಬರುವುದಲ್ಲ. ಮನೆಯ ಪೆಟ್ಟಿಗೆಯೊಳಗಿಂದಲೇ ಬರುವುದು. 192.168 ಎಂದು ಶುರುವಾಗುವ ವಿಳಾಸಗಳನ್ನು ಖಾಸಗಿ ಬಳಕೆಗೆಂದೇ ಮೀಸಲಿಟ್ಟಿದ್ದಾರೆ. 1996ರಲ್ಲಿ ಬರೆದಿಟ್ಟ ನಿಯಮ ಅದು. ಊರ ನಲ್ಲಿಯಲ್ಲಿ ನೀರು ಬಾರದಿದ್ದರೂ ಹಿತ್ತಲ ಬಾವಿಯಿಂದ ಸೇದಬಹುದಲ್ಲವೆ? ಹಾಗೆಯೇ ಇದು. ಆದ್ದರಿಂದ ಪುಟ ತೆವಳಿದರೆ ಮೊದಲು ಮನೆಯೊಳಗೇ ಹುಡುಕಬೇಕು.

ಎರಡನೆಯದು, ದೀಪ ನೋಡಿ, ಕಾಗದ ಓದಿ, ಐದು ಹತ್ತು ನಿಮಿಷ ಕಾಯಿರಿ.

ಮೂರನೆಯದು, ಲ್ಯಾಪ್‌ಟಾಪಿನಿಂದ ರೂಟರಿಗೆ ನೇರ ಕೇಬಲ್ ಹಾಕಿ ವೈಫೈ ಆರಿಸಿ ನೋಡಿ. ಪುಟ ಸರಾಗವಾಗಿ ಬಂದರೆ ತೊಂದರೆ ಗಾಳಿಯಲ್ಲಿದೆ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಅಮೆರಿಕದಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಮೂರೇ: 1, 6 ಮತ್ತು 11. ಅಪಾರ್ಟ್‌ಮೆಂಟಿನ ಎಲ್ಲ ಮನೆಗಳೂ ಅವನ್ನೇ ಹಂಚಿಕೊಳ್ಳಬೇಕು. ಅಡುಗೆಮನೆಯ ಮೈಕ್ರೋವೇವ್ ಕೂಡ ಅಲ್ಲೇ ಗದ್ದಲ ಹಾಕುತ್ತದೆ.

ನಾಲ್ಕನೆಯದು, ಆಫೀಸಿನ ಲ್ಯಾಪ್‌ಟಾಪಿನಲ್ಲಿ ವಿಪಿಎನ್ ಆರಿಸಿ. ಅದು ಮನೆಯ ಮಾತನ್ನೂ ಆಫೀಸಿಗೆ ಒಯ್ಯಲು ನೋಡುತ್ತದೆ. ಫೋನಿನಲ್ಲಾದರೆ ಮೊಬೈಲ್ ಡೇಟಾ ಆರಿಸಿ. ವೈಫೈನಲ್ಲಿ ಇನ್ನೂ ಇಂಟರ್ನೆಟ್ ಇಲ್ಲ ಎಂದು ತಿಳಿದ ಫೋನು ಸದ್ದಿಲ್ಲದೆ ಹೊರಗಿನ ದಾರಿ ಹಿಡಿದುಬಿಡುತ್ತದೆ.

ಐದನೆಯದು, ಪೆಟ್ಟಿಗೆಯ ಚೀಟಿಯಲ್ಲಿ ಹೆಸರಿನ ವಿಳಾಸವಿದ್ದರೂ ಅಂಕಿಯ ವಿಳಾಸವನ್ನೇ ಹಾಕಿ ನೋಡಿ. ಕಂಪನಿಯ ಮೋಡೆಮ್‌ನೊಳಗೇ ಇನ್ನೊಂದು ರೂಟರ್ ಇದ್ದು, ಎರಡಕ್ಕೂ ಒಂದೇ ಅಂಕಿ ಇದ್ದರೆ, ಒಂದೇ ಬೀದಿಯಲ್ಲಿ ಒಂದೇ ನಂಬರಿನ ಎರಡು ಮನೆ ಇದ್ದಂತೆ. ಒಂದರ ಅಂಕಿಯನ್ನು ಬದಲಿಸಬೇಕು. ಬೇರೆ ಬ್ರೌಸರ್ ಅಥವಾ ಪ್ರೈವೇಟ್ ಕಿಟಕಿಯಲ್ಲೂ ಒಮ್ಮೆ ಪ್ರಯತ್ನಿಸಿ.

ಕೊನೆಯದು ರೀಸೆಟ್. ಅದು ಎಲ್ಲವನ್ನೂ ಅಳಿಸುತ್ತದೆ. ಒತ್ತುವ ಮುನ್ನ ಇರುವ ಸೆಟಿಂಗ್ ಬರೆದಿಟ್ಟುಕೊಳ್ಳಿ. ಹೊಸದು ನೆಟ್ಟಗೆ ನಿಲ್ಲುವವರೆಗೆ ಹಳೆಯದನ್ನು ಕೀಳಬೇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ನಾಲ್ಕು ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯದು.

ಈ ಕ್ರಮ ನಮ್ಮ ಶೋಧವೇನಲ್ಲ. 1969ರ ಅಕ್ಟೋಬರ್ 29ರ ರಾತ್ರಿ, ಇಲ್ಲೇ ಮೆನ್ಲೋ ಪಾರ್ಕಿನ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಬಿಲ್ ಡುವಾಲ್ ಕುಳಿತಿದ್ದರು. ಸುಮಾರು 350 ಮೈಲಿ ದೂರದ ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಚಾರ್ಲಿ ಕ್ಲೈನ್ ಅರ್ಪಾನೆಟ್‌ನ ಮೊದಲ ಸಂದೇಶ ಕಳಿಸಿದರು. 'ಲಾಗಿನ್' ಎಂಬ ಪದ ಹೋಗಬೇಕಿತ್ತು. ಟೆಲಿಫೋನಿನಲ್ಲಿ ಒಂದೊಂದೇ ಅಕ್ಷರ ಕೇಳುತ್ತ ಹೋದರು: ಎಲ್ ಬಂತೆ? ಬಂತು. ಓ ಬಂತೆ? ಬಂತು. ಅಷ್ಟರಲ್ಲಿ ಯಂತ್ರ ಕುಸಿಯಿತು. ತಪ್ಪು ಹುಡುಕಿ ತಿದ್ದಿ, ಸುಮಾರು ಒಂದು ಗಂಟೆಯ ಮೇಲೆ ಪೂರ್ತಿ ಪದ ಕಳಿಸಿದರು. ಇಂಟರ್ನೆಟ್ ಹುಟ್ಟಿದ ರಾತ್ರಿಯೇ ಸೆಟಪ್ ಕೈಕೊಟ್ಟಿತ್ತು. ಗೆದ್ದವರು ಎರಡೂ ಕಡೆ ಮಾತು ಬಿಡದೆ, ಹಂತ ಹಂತವಾಗಿ ನೋಡಿದವರು.

ಫ್ರೀಮಾಂಟಿನಲ್ಲಿ ನಾವು ಬಿಟ್ಟಿದ್ದು ಅದನ್ನೇ. ಪಕ್ಕದಲ್ಲೇ ಕಾಗದ ಓದಿಕೊಂಡು ನಿಂತಿದ್ದವರನ್ನು ಒಂದು ಮಾತು ಕೇಳಲಿಲ್ಲ. ಈಗ ನಾವು ಯಾವ ಮನೆಗೆ ಹೋದರೂ ಮೊದಲ ಪ್ರಶ್ನೆ, "ಇವತ್ತು ಯಾರಿಗೆ ಫೋನ್ ಮಾಡಬೇಕಿತ್ತು ಅಮ್ಮ?" ಆ ಕರೆ ಮುಗಿದ ಮೇಲೆಯೇ ರೂಟರಿಗೆ ಕೈ. ಹೊರಡುವಾಗ ವಿಳಾಸ, ಹೊಸ ಪಾಸ್‌ವರ್ಡ್, ಯಾವ ದೀಪಕ್ಕೆ ಏನರ್ಥ ಎಂಬುದನ್ನು ಕನ್ನಡದಲ್ಲಿ ಅವರ ಕೈಯಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ ಬರುತ್ತೇವೆ.

ಈ ಸಂಜೆ ನೀವು ನಿಧಿಗೆ ಕೊಡುವ ಪ್ರತಿ ಡಾಲರಿಗೂ ನಾವು ಋಣಿಗಳು. ಜೊತೆಗೆ ಇನ್ನೊಂದು ಬೇಡಿಕೆ: ತಿಂಗಳಿಗೆ ಒಂದು ಗಂಟೆ ಕೊಡಿ. ನಿಮ್ಮ ಬೀದಿಯಲ್ಲೂ, ಮಕ್ಕಳು ಕೆಲಸಕ್ಕೆ ಹೋದ ಮೇಲೆ ತಿರುಗುವ ಚಕ್ರವನ್ನು ನೋಡುತ್ತ ಕುಳಿತ ಒಬ್ಬ ತಾಯಿ ಇರಬಹುದು.

ನಮಸ್ಕಾರ. ಊಟಕ್ಕೆ ಏಳಬಹುದು ಮಕ್ಕಳೇ.